ಸುತ್ತಿದವರ ಓದು

2025ರ ಆರಂಭದಲ್ಲಿ ಬೆಂಗಳೂರಿನಿಂದ ಹೊರಟ ಸುದ್ದಿಯೊಂದು ಕೊಡಗಿನ ಕಾಲೇಜುಗಳಲ್ಲಿ ಕಾವೇರಿದ ಚರ್ಚೆಯಾಯಿತು. ಎರಡು ವರ್ಷದ ಹಿಂದಷ್ಟೇ ಬಾಗಿಲು ತೆರೆದ ಹೊಸ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲನ್ನು ಮುಚ್ಚಬೇಕು, ಇಲ್ಲವೇ ಹಳೆಯವಕ್ಕೆ ಸೇರಿಸಬೇಕು ಎಂಬ ಸಲಹೆ ಸಚಿವ ಸಂಪುಟದ ಉಪಸಮಿತಿಯಿಂದ ಬಂದಿತ್ತು. ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿರುವ ಕೊಡಗು ವಿಶ್ವವಿದ್ಯಾಲಯದ ಹೆಸರೂ ಆ ಪಟ್ಟಿಯಲ್ಲಿತ್ತು. ಅನುದಾನವಿಲ್ಲದೆ ಎಷ್ಟು ದಿನ ನಡೆಸುವುದು ಎಂದು ಒಂದು ಕಡೆಯವರು ಕೇಳಿದರೆ, ಬೆಟ್ಟದ ಮಕ್ಕಳು ಮತ್ತೆ ಮಂಗಳೂರಿಗೇ ಗಂಟುಮೂಟೆ ಕಟ್ಟಬೇಕೇ ಎಂದು ಇನ್ನೊಂದು ಕಡೆಯವರು ಕೇಳಿದರು. ಈ ಜಗ್ಗಾಟದ ನಡುವೆ ಮತ್ತೆ ಮತ್ತೆ ನೆನಪಿಗೆ ಬಂದು ಕಾಡುವ ಗಾದೆ ಒಂದೇ: ದೇಶ ಸುತ್ತು, ಕೋಶ ಓದು.

ಈ ಗಾದೆಗೆ ಚಲಾವಣೆಯಲ್ಲಿರುವ ಅರ್ಥಗಳು ಎರಡು. ಸುತ್ತಿದರೂ ಜ್ಞಾನ, ಓದಿದರೂ ಜ್ಞಾನ, ಅನುಕೂಲವಿದ್ದದ್ದನ್ನು ಆರಿಸಿಕೋ ಎಂಬುದು ಮೊದಲನೆಯದು. ಇದು ಸೋಮಾರಿಗಳ ಅರ್ಥ. ಗಾದೆ ಎರಡು ಅಪ್ಪಣೆಗಳನ್ನು ಕೊಡುತ್ತದೆ. ನಡುವೆ ‘ಅಥವಾ’ ಇಲ್ಲ. ಎರಡನೆಯದು ಹೋಂಸ್ಟೇ ಫಲಕಗಳ ಅರ್ಥ. ಶನಿವಾರ ಬೆಳಿಗ್ಗೆ ರಾಜಾಸೀಟಿನಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಭಾನುವಾರ ಸಂಜೆ ಊರು ಸೇರುವವರೆಲ್ಲ ದೇಶ ಸುತ್ತಿದ ಜ್ಞಾನಿಗಳೇ ಆಗಿದ್ದರೆ, ಮಡಿಕೇರಿಯ ಟ್ರಾಫಿಕ್ಕು ಇಷ್ಟು ಹೊತ್ತಿಗೆ ಒಂದು ಗುರುಕುಲವಾಗಬೇಕಿತ್ತು.

ಉಳಿಯುವುದು ಮೂರನೆಯ ಅರ್ಥ. ಹೊಟ್ಟೆಪಾಡಿಗೋ ನಂಬಿಕೆಗೋ ಹಿಡಿದ ಕೆಲಸದ ದಾರಿಯಲ್ಲಿ ಸುತ್ತಬೇಕು. ಆ ಕೆಲಸವೇ ಎಬ್ಬಿಸಿದ ಪ್ರಶ್ನೆಗೆ ಉತ್ತರ ಹುಡುಕಿ ಓದಬೇಕು. ಓದಿದ್ದನ್ನು ಮತ್ತೆ ಆ ನೆಲದ ಮೇಲೇ ಪರೀಕ್ಷಿಸಬೇಕು. ಸುತ್ತುವುದೂ ಓದುವುದೂ ಒಂದೇ ದುಡಿಮೆಯ ಎರಡು ಪಾಳಿ. ಹೀಗೆ ಅರ್ಥ ಮಾಡಿಕೊಳ್ಳಲು ಕೊಡಗಿನಷ್ಟು ಒಳ್ಳೆಯ ಪುರಾವೆ ಕೊಡುವ ಜಿಲ್ಲೆ ಇನ್ನೊಂದಿಲ್ಲ.

ಹರ್ಮನ್ ಮೊಗ್ಲಿಂಗ್ ಅವರನ್ನೇ ನೋಡಬಹುದು. 1811ರಲ್ಲಿ ಜರ್ಮನಿಯ ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿ, ಟ್ಯೂಬಿಂಗೆನ್‌ನಲ್ಲಿ ದೇವಶಾಸ್ತ್ರ ಓದಿ, 1836ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದವರು. ಬಂದದ್ದು ಸುವಾರ್ತೆ ಸಾರಲು. ಸಾರಬೇಕಾದರೆ ಜನರ ಮಾತು ಬರಬೇಕು, ಮಾತು ಬರಬೇಕಾದರೆ ಅವರ ಕಾವ್ಯ, ದಾಸರ ಪದ, ಪುರಾಣ ಗೊತ್ತಿರಬೇಕು. ಈ ಅಗತ್ಯ ಅವರನ್ನು ಎಲ್ಲಿಗೆ ಒಯ್ದಿತೆಂದರೆ, 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಬಂತು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಹಣದ ನೆರವಿನಿಂದ 1848ರಲ್ಲಿ ಆರಂಭವಾದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ತೊರವೆ ರಾಮಾಯಣ, ದಾಸರ ಪದಗಳು ಅಚ್ಚಾದವು. ಕ್ರೈಸ್ತ ಪಾದ್ರಿಯೊಬ್ಬರು ವೈಷ್ಣವ, ವೀರಶೈವ ಕೃತಿಗಳನ್ನು ಅಚ್ಚಿಗೆ ತಂದರು. ಈ ಕೆಲಸ ಮಾಡೆಂದು ಅವರಿಗೆ ಯಾವ ವಿಶ್ವವಿದ್ಯಾಲಯವೂ ಹೇಳಿರಲಿಲ್ಲ.

ಆಲಮಂಡ ಎಂಬ ಕೊಡವ ಮನೆತನದ ಸೋಮಯ್ಯ ದೀಕ್ಷಾಸ್ನಾನ ಪಡೆದು ಸ್ಟೆಫಾನಸ್ ಸೋಮಯ್ಯನಾದ ಹೊತ್ತಿನಲ್ಲಿ, 1853ರಲ್ಲಿ, ಮೊಗ್ಲಿಂಗ್ ಕೊಡಗಿಗೆ ಬಂದರು. ಬ್ರಿಟಿಷರು ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಆಗಿನ್ನೂ ಎರಡು ದಶಕ ತುಂಬಿರಲಿಲ್ಲ. ಎರಡೇ ವರ್ಷದಲ್ಲಿ, 1855ರಲ್ಲಿ, ‘ಕೂರ್ಗ್ ಮೆಮೊಯರ್ಸ್’ ಪ್ರಕಟವಾಯಿತು. ನಾಡಿನ ವಿವರ, ರಾಜರ ಚರಿತ್ರೆ, ಕೊಡವರ ಆಚಾರಗಳ ಪಕ್ಕದಲ್ಲೇ ಮಿಶನ್ನಿನ ಕಥೆಯೂ ಇರುವ ಪುಸ್ತಕ ಅದು. ಸಿದ್ದಾಪುರದ ಬಳಿ ಆನಂದಪುರ ಎಂಬ ನೆಲೆಯನ್ನೂ ಅವರು ಕಟ್ಟಿದರು. ಅಲ್ಲಿ ನೆಲೆ ಕಂಡವರು ಗದ್ದೆಗಳಲ್ಲಿ ಜೀತದಂತೆ ದುಡಿಯುತ್ತಿದ್ದ ಹೊಲೆಯ ಕುಟುಂಬಗಳು. ಹೆಂಡತಿ ಪೌಲೀನಾ ಅವರ ಕಾಯಿಲೆಯಿಂದ 1860ರಲ್ಲಿ ಜರ್ಮನಿಗೆ ಮರಳಿದರು. ಅಷ್ಟರಲ್ಲಿ, 1858ರಲ್ಲೇ, ಅವರು ಓದಿದ್ದ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕನ್ನಡದ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟಿತ್ತು.

ಇಲ್ಲಿ ಕ್ರಮವನ್ನು ಗಮನಿಸಬೇಕು. ಮೊದಲು ಕಾಲೇಜಿನ ಓದು, ಆಮೇಲೆ ನಂಬಿಕೆ ಹೊರಿಸಿದ ಕೆಲಸ, ಆ ಕೆಲಸದೊಳಗಿಂದ ಸಂಶೋಧನೆ, ಕಟ್ಟಕಡೆಗೆ ಪದವಿ. ಈಗ ಇದು ತಿರುಗಾಮುರುಗಾ. ಪಿಎಚ್.ಡಿ. ಬೇಕು ಎಂಬ ತೀರ್ಮಾನ ಮೊದಲು, ಗೈಡ್ ಆಮೇಲೆ, ವಿಷಯ ಎಲ್ಲಕ್ಕಿಂತ ಕೊನೆಗೆ.

ಫರ್ಡಿನಾಂಡ್ ಕಿಟೆಲ್ ಅವರದೂ ಇದೇ ದಾರಿ. 1853ರಲ್ಲಿ ಭಾರತಕ್ಕೆ ಬಂದ ಅವರು ಧಾರವಾಡ, ಮಂಗಳೂರುಗಳಲ್ಲಿ ದುಡಿದಂತೆ ಮಡಿಕೇರಿಯಲ್ಲೂ ದುಡಿದರು. 1862ರಲ್ಲಿ ಕ್ರಿಸ್ತನ ಬದುಕನ್ನು ‘ಕಥಾಮಾಲೆ’ಯಾಗಿ ದೇಸಿ ಛಂದಸ್ಸಿನಲ್ಲಿ ಬರೆದರು, 1875ರಲ್ಲಿ ನಾಗವರ್ಮನ ಛಂದಸ್ಸನ್ನು ಸಂಪಾದಿಸಿದರು. ಹಳಗನ್ನಡದ ಹಿಂದೆ ಬಿದ್ದು ಬೋಧನೆ ಮರೆತಿದ್ದಾರೆ ಎಂಬ ಗೊಣಗಾಟ ಮಿಶನ್ನಿನ ಒಳಗೇ ಇತ್ತು. ಅವರು ಬಿಡಲಿಲ್ಲ. 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಕಾವ್ಯದ ಪ್ರಯೋಗಗಳ ಜೊತೆಗೆ ಜನರ ಬಾಯಿಂದ ಹೆಕ್ಕಿದ ಗಾದೆಗಳೂ ಅದರಲ್ಲಿ ಸಾಲು ಸಾಲಾಗಿವೆ. ಟ್ಯೂಬಿಂಗೆನ್ ಅವರಿಗೆ ಡಾಕ್ಟರೇಟ್ ಕೊಟ್ಟದ್ದು ನಿಘಂಟು ಬಂದ ಮೇಲೆ, 1896ರಲ್ಲಿ.

ಮಡಿಕೇರಿಯ ಸೆಂಟ್ರಲ್ ಸ್ಕೂಲಿನ ಮುಖ್ಯಸ್ಥರಾಗಿದ್ದ ಜಿ. ರಿಕ್ಟರ್ ಕೂಡ ಇದೇ ಸಾಲಿನವರು. ಅವರ ‘ಮ್ಯಾನುಯಲ್ ಆಫ್ ಕೂರ್ಗ್’ 1870ರಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂತು. ಲಂಡನ್ ಮಿಶನ್ನಿನ ಪಾದ್ರಿಯ ಮಗನಾಗಿ ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಶಾಲಾ ತಪಾಸಣೆಗೆಂದು ಊರೂರು ತಿರುಗುವಾಗ ಶಾಸನಗಳ ಬೆನ್ನು ಹತ್ತಿದರು. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಮೊದಲ ಸಂಪುಟ, 1886ರದು, ಕೊಡಗಿನ ಶಾಸನಗಳದ್ದೇ. ತಪಾಸಣಾ ವರದಿಗಳನ್ನು ಈಗ ಕೇಳುವವರಿಲ್ಲ. ಶಾಸನಗಳಿಲ್ಲದೆ ಕನ್ನಡ ನಾಡಿನ ಚರಿತ್ರೆಯೇ ಇಲ್ಲ.

ಇವರೆಲ್ಲ ಮತಾಂತರಕ್ಕೆ ಬಂದವರು, ಬ್ರಿಟಿಷ್ ಆಡಳಿತದ ನೆರಳಿನಲ್ಲಿ ಬದುಕಿದವರು, ಇವರನ್ನು ಹೊಗಳುವುದೇಕೆ ಎಂಬ ಆಕ್ಷೇಪ ಹೊಸದಲ್ಲ. ಬಂದದ್ದು ಅದಕ್ಕೇ, ಸುಳ್ಳಲ್ಲ. ಇಲ್ಲಿನ ದೇವರುಗಳ ಬಗ್ಗೆ ಅವರ ಬರಹದಲ್ಲಿರುವ ತಾತ್ಸಾರವನ್ನು ಯಾರೂ ಮುಚ್ಚಿಡಬೇಕಿಲ್ಲ. ಆದರೆ ಲೆಕ್ಕ ಹಾಕಿದರೆ ಕೊಡವರಲ್ಲಿ ಕ್ರೈಸ್ತರಾದವರು ಬೆರಳೆಣಿಕೆಯಷ್ಟು. ಬಂದ ಉದ್ದೇಶದಲ್ಲಿ ಮೊಗ್ಲಿಂಗ್ ಇಲ್ಲಿ ಸೋತರು ಎಂದೇ ಹೇಳಬೇಕು. ಸೋತ ಮೇಲೂ ಮಳೆ, ಜ್ವರ, ಜಿಗಣೆಗಳ ನಾಡಿನಲ್ಲಿ ಏಳು ವರ್ಷ ಉಳಿದು ಕೇಳಿ, ಬರೆದು, ಅಚ್ಚು ಹಾಕಿಸುವ ತಾಳ್ಮೆ ಎಲ್ಲಿಂದ ಬಂತು? ಸಂಬಳದಿಂದಂತೂ ಅಲ್ಲ. ಯಾರೋ ನನ್ನನ್ನು ಈ ಕೆಲಸಕ್ಕೆ ಕರೆದಿದ್ದಾನೆ ಎಂಬ ನಂಬಿಕೆಯಿಂದ. ಅವರ ಬಾಳಿಗೆ ದಿಕ್ಕು ತೋರಿಸಿದ್ದು ಆ ಕರೆ. ಆದರೆ ನಿಂತ ಕೆಲಸ ಯಾವುದು ಎಂಬುದನ್ನು ತೀರ್ಮಾನಿಸಿದ್ದು ಈ ನೆಲ.

ನಂಬಿಕೆ ಓದಿನ ದಾರಿ ಹಿಡಿದ ಇನ್ನೊಂದು ನಿದರ್ಶನ ವಿರಾಜಪೇಟೆಯಲ್ಲಿದೆ. ಟಿಪ್ಪುವಿನ ಕಾಲದಲ್ಲಿ ನೆಲೆ ಕಳೆದುಕೊಂಡು ಬಂದ ಕೊಂಕಣಿ ಮಾತಿನ ಕ್ಯಾಥೊಲಿಕರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ. 1792ರಲ್ಲಿ ಸಂತ ಅನ್ನಮ್ಮ ಚರ್ಚು ಹುಟ್ಟಿಕೊಂಡಿತು. ಅದೇ ಹೆಸರಿನ ಶಾಲೆ, ಪದವಿ ಕಾಲೇಜುಗಳಿಗೆ ಇಂದು ಎಲ್ಲ ಜಾತಿ ಮತಗಳ ಮಕ್ಕಳೂ ಹೋಗುತ್ತಾರೆ.

ಹಾಗೆಂದು ಇದು ಕ್ರೈಸ್ತರ ಗುತ್ತಿಗೆಯೂ ಅಲ್ಲ. ನಡಿಕೇರಿಯಂಡ ಚಿಣ್ಣಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು, ಭಗವದ್ಗೀತೆಯನ್ನು ಕೊಡವ ಭಾಷೆಗೆ ತಂದ ಆಸ್ತಿಕರು. ಕೆಲಸದ ನಡುವೆಯೇ ಬಾಳೊ ಪಾಟ್ ಎಂಬ ಜನಪದ ಹಾಡು, ಗಾದೆ, ಹಬ್ಬದ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಹೊರತಂದರು. ಮುಂದೆ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನಲ್ಲಿ ಕೂತು ಕೊಡವರ ಧರ್ಮ, ಸಮಾಜದ ಮೇಲೆ ಬರೆದು 1952ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಈ ಪೊಲೀಸ್ ಅಧಿಕಾರಿಯ ಸಂಗ್ರಹ ಒದಗಿಬಂತು. ದೇವರು ಬೇರೆ, ದಾರಿ ಅದೇ.

ಈಗ ಚಿಕ್ಕ ಅಳುವಾರಕ್ಕೆ ಮರಳೋಣ. ವಿಶ್ವವಿದ್ಯಾಲಯ ಬೇಕೇ ಬೇಡವೇ ಎಂಬ ವಾದದಲ್ಲಿ ಕಟ್ಟಡ, ಹುದ್ದೆ, ಅನುದಾನಗಳೇ ತುಂಬಿಹೋಗಿವೆ. ಅಲ್ಲಿ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಾರೆ ಎಂಬುದನ್ನು ಕೇಳುವವರು ಕಡಿಮೆ. ಪ್ರಶ್ನೆಗಳಿಗೇನು ಬರವಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆಯ ಗುಡ್ಡಗಳು ಯಾಕೆ ಜಾರಿದವು ಎಂಬುದಕ್ಕೆ ತೋಟದವರ ನೆನಪೂ ಬೇಕು, ಭೂವಿಜ್ಞಾನದ ಪಾಠವೂ ಬೇಕು. ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ದಿನವೂ ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ವಾರ ಬಂತು, ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟದ್ದು ಯಾವ ವರ್ಷ ಎಂಬುದೆಲ್ಲ ಆ ರಿಜಿಸ್ಟರುಗಳಲ್ಲಿದೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಎಂ.ಎ. ಮಾಡಲು ಬಂದರೆ, ಕೂಲಿಯ ಲೆಕ್ಕ, ವಲಸೆ, ಕಾಯಿಲೆಗಳ ಬಗ್ಗೆ ಅವಳಿಗೆ ತಿಳಿದಿರುವುದು ಅವಳ ಅಧ್ಯಾಪಕರಿಗೂ ತಿಳಿದಿರುವುದಿಲ್ಲ. ಅವಳ ಸಂಶೋಧನೆಯ ವಿಷಯ ಅವಳ ಮನೆಯ ಅಂಗಳದಲ್ಲೇ ಇದೆ.

ಆದ್ದರಿಂದ ಉಳಿಸಿ, ಮುಚ್ಚಿ ಎಂದು ಕೂಗುವ ಎರಡೂ ಕಡೆಯವರಲ್ಲಿ ಒಂದು ಕೋರಿಕೆ. ತೋಟದ ಮಾಲೀಕರು ತಮ್ಮ ಅಜ್ಜ, ಮುತ್ತಜ್ಜಂದಿರ ಮಳೆ ರಿಜಿಸ್ಟರುಗಳನ್ನು ಗೆದ್ದಲಿಗೆ ಬಿಡದೆ ವಿದ್ಯಾರ್ಥಿಗಳಿಗೆ ತೋರಿಸಲಿ. ವಿಶ್ವವಿದ್ಯಾಲಯ ಈ ಮುಂಗಾರಿನೊಳಗೆ ಅವನ್ನು ನಕಲು ಮಾಡಿಕೊಳ್ಳಲು ಮಕ್ಕಳನ್ನು ತೋಟಗಳಿಗೆ ಕಳಿಸಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಸರ್ಕಾರದ ಆದೇಶವೂ ಬೇಡ.