ಮೇಲೆ ಮಳೆಯಾಗಿರಬೇಕು

ಮುಂಗಾರಿನ ಒಂದು ಬೆಳಗ್ಗೆ ಸೂಳೆಕೆರೆಯ ಏರಿಯ ಮೇಲೆ ಇಬ್ಬರು ನೀರು ನೋಡುತ್ತ ನಿಂತಿದ್ದರು. ಒಬ್ಬರು ಎಪ್ಪತ್ತು ದಾಟಿದ ಅಜ್ಜ, ಹೆಗಲ ಮೇಲೆ ಟವೆಲ್. ಇನ್ನೊಬ್ಬ ಬೈಕ್ ನಿಲ್ಲಿಸಿ ಬಂದ ಹುಡುಗ, ಅವರ ಮೊಮ್ಮಗನ ವಯಸ್ಸಿನವನು. ನೀರು ಮೇಲೆ ಬಂದಿತ್ತು. ನಿನ್ನೆ ಒಣಗಿ ನಿಂತಿದ್ದ ಕಲ್ಲೊಂದು ಇವತ್ತು ಅರ್ಧ ಮುಳುಗಿದೆ ಎಂದು ಅಜ್ಜ ಕೋಲು ಚಾಚಿ ತೋರಿಸಿದರು.

“ಮೇಲೆ ಮಳೆ ಆಗಿರ್ಬೇಕು ಕಣಪ್ಪಾ.”

“ಎಲ್ಲಿ ಮಳೆ ಅಜ್ಜ? ಭದ್ರಾ ನಾಲೆ ನೀರು ಬಂದಿರ್ಬೇಕು.”

ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ನನಗೆ ಮೈ ಜುಮ್ಮೆಂದಿತು. ತರ್ಕಶಾಸ್ತ್ರದ ಹಳೆಯ ಪುಸ್ತಕವೊಂದರಲ್ಲಿ ಓದಿದ ಚರ್ಚೆಯೇ ಚನ್ನಗಿರಿ ತಾಲ್ಲೂಕಿನ ಈ ಏರಿಯ ಮೇಲೆ ಮತ್ತೆ ನಡೆಯುತ್ತಿತ್ತು.

ಮೊದಲು ಆ ‘ಇರ್ಬೇಕು’ ಎಂಬ ಮಾತಿನ ಬಾಲವನ್ನು ನೋಡೋಣ. ಮಳೆಯ ಸುದ್ದಿಯನ್ನು ಕನ್ನಡದಲ್ಲಿ ಮೂರು ಬಗೆಯಲ್ಲಿ ಹೇಳುತ್ತೇವೆ. ‘ಮಳೆ ಬಂತು’ ಎಂದರೆ ನಾನೇ ಕಂಡಿದ್ದೇನೆ, ನೆನೆದಿದ್ದೇನೆ. ‘ಮಳೆ ಬಂತಂತೆ’ ಎಂದರೆ ಯಾರೋ ಹೇಳಿದ್ದು. ‘ಮಳೆ ಬಂದಿರಬೇಕು’ ಎಂದರೆ ನಾನು ಕಂಡಿಲ್ಲ, ಯಾರೂ ಹೇಳಿಲ್ಲ, ಬೇರೆ ಏನನ್ನೋ ನೋಡಿ ಹಾಗೆಂದು ತಿಳಿದುಕೊಂಡಿದ್ದೇನೆ. ಪ್ರತ್ಯಕ್ಷ, ಶಬ್ದ, ಅನುಮಾನ ಎಂದು ನಮ್ಮ ಹಳೆಯ ತರ್ಕಪರಂಪರೆಯಾದ ನ್ಯಾಯದರ್ಶನ ಹೆಸರಿಟ್ಟ ತಿಳಿವಿನ ದಾರಿಗಳು ನಮ್ಮ ಕ್ರಿಯಾಪದದ ತುದಿಯಲ್ಲೇ ಕುಳಿತಿವೆ. (ಉಪಮಾನ ಎಂಬ ನಾಲ್ಕನೆಯದನ್ನೂ ಆ ದರ್ಶನದವರಾದ ನೈಯಾಯಿಕರು ಹೇಳುತ್ತಾರೆ, ಇಲ್ಲಿ ಅದು ಬೇಕಾಗಿಲ್ಲ.) ಆಡುಮಾತಿನಲ್ಲಿ ‘ಅನುಮಾನ’ ಎಂದರೆ ಸಂಶಯ. ತರ್ಕದಲ್ಲಿ ಅದು ಒಂದನ್ನು ಕಂಡು ಇನ್ನೊಂದನ್ನು ಖಚಿತಮಾಡಿಕೊಳ್ಳುವುದು. ಅರ್ಥ ಹೆಚ್ಚುಕಡಿಮೆ ಎದುರುಬದುರು. ಕನ್ನಡದಲ್ಲಿ ತರ್ಕ ಓದಲು ಹೊರಟವರು ಎಡವುವ ಮೊದಲ ಕಲ್ಲು ಇದೇ.

ಎರಡನೇ ಕಲ್ಲು ‘ವಾದ’ ಎಂಬ ಪದ. ಮನೆಯಲ್ಲಿ ಮಕ್ಕಳು ‘ಯಾಕೆ’ ಎಂದರೆ ‘ಎದುರು ವಾದ ಮಾಡಬೇಡ’ ಎಂದು ಗದರಿಸುತ್ತೇವೆ. ಹಾಗೆ ಬೆಳೆದವರಿಗೆ ವಾದವೆಂದರೆ ಗಂಟಲು ಏರಿಸುವುದು, ಹಟ ಹಿಡಿಯುವುದು. ಇದರಿಂದ ನಮಗೆ ಬಹಳ ನಷ್ಟವಾಗಿದೆ ಎಂದು ನಾನು ನಂಬುತ್ತೇನೆ. ತರ್ಕದಲ್ಲಿ ವಾದ ಎನ್ನುವುದಕ್ಕೆ ಬೇಕಾದದ್ದು ಎರಡೇ: ಒಪ್ಪಿಸಬೇಕಾದ ಒಂದು ಮಾತು, ಅದಕ್ಕೆ ಆಧಾರವಾಗಿ ಕೊಟ್ಟ ಇನ್ನೊಂದು ಮಾತು. ‘ಮಳೆಯಾಗಿದೆ’ ಎಂಬುದೊಂದೇ ಇದ್ದರೆ ಅದು ಹೇಳಿಕೆ. ‘ಮಳೆಯಾಗಿದೆ, ಆಗಿದೆ, ಆಗೇ ಆಗಿದೆ’ ಎಂದು ಮೂರು ಸಲ ಮೇಜು ಗುದ್ದಿದರೂ ಅದು ಹೇಳಿಕೆಯೇ. ‘ಕೆರೆ ಏರಿದೆ, ಆದ್ದರಿಂದ ಮಳೆಯಾಗಿದೆ’ ಎಂದಾಗ ವಾದ ಹುಟ್ಟುತ್ತದೆ. ನ್ಯಾಮತಿಯ ಸಂತೆಯಲ್ಲಿ, ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ, ಟಿವಿಯ ರಾತ್ರಿ ಚರ್ಚೆಯಲ್ಲಿ ಕೇಳುವ ಎಷ್ಟೋ ಬಿಸಿ ಮಾತುಗಳಿಗೆ ಈ ಅಳತೆ ಹಿಡಿದು ನೋಡಿ. ಆಧಾರ ಎಲ್ಲಿದೆ ಎಂದು ಹುಡುಕಿದರೆ ಹಲವು ಸಲ ಬರಿಗೈ.

‘ಯಾಕಂದ್ರೆ’ ಎಂಬ ಪದ ಸಿಕ್ಕ ಕೂಡಲೇ ಆಧಾರ ಸಿಕ್ಕಿತು ಎಂದುಕೊಳ್ಳುವಂತೆಯೂ ಇಲ್ಲ. ‘ಕೆರೆ ಏರಿದೆ, ಯಾಕಂದ್ರೆ ಮಳೆ ಬಂತು.’ ‘ಮಳೆ ಬಂದಿದೆ, ಯಾಕಂದ್ರೆ ಕೆರೆ ಏರಿದೆ.’ ಎರಡನ್ನೂ ನಿಧಾನವಾಗಿ ಓದಿ. ಮೊದಲನೆಯದರಲ್ಲಿ ಕೆರೆ ಏರಿದ್ದು ಎಲ್ಲರಿಗೂ ಕಾಣುತ್ತಿದೆ, ಅದನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. ಅದು ಹೇಗಾಯಿತು ಎಂದು ಹೇಳಲಾಗುತ್ತಿದೆ. ಅದು ವಿವರಣೆ. ಎರಡನೆಯದರಲ್ಲಿ ಕಾಣದ ಮಳೆಯನ್ನು ಕಾಣುವ ನೀರಿನಿಂದ ಒಪ್ಪಿಸಲಾಗುತ್ತಿದೆ. ಅದು ವಾದ. ಮಳೆ ಕೆರೆಯನ್ನು ಏರಿಸುತ್ತದೆ, ಏರಿದ ಕೆರೆ ಮಳೆಯನ್ನು ತಿಳಿಸುತ್ತದೆ. ನಮ್ಮ ಶಾಸ್ತ್ರಕಾರರು ಉಂಟುಮಾಡುವುದನ್ನು ಕಾರಕ ಹೇತು ಎಂದೂ ತಿಳಿಸುವುದನ್ನು ಜ್ಞಾಪಕ ಹೇತು ಎಂದೂ ಬೇರ್ಪಡಿಸಿದರು. ಇಷ್ಟು ಚೊಕ್ಕವಾದ ಜೋಡಿಪದ ನಮ್ಮ ಬಳಿ ಇರುವಾಗ ಅದನ್ನು ಪಂಡಿತರ ಪುಸ್ತಕದಲ್ಲೇ ಬಿಟ್ಟಿರುವುದು ನನಗೆ ಬೇಸರದ ಸಂಗತಿ.

ಈಗ ಆ ಹಳೆಯ ಪುಸ್ತಕಕ್ಕೆ ಬರುತ್ತೇನೆ. ಗೌತಮನ ನ್ಯಾಯಸೂತ್ರಕ್ಕೆ ಸುಮಾರು 1500 ವರ್ಷಗಳ ಹಿಂದೆ ಭಾಷ್ಯ ಬರೆದವನು ವಾತ್ಸ್ಯಾಯನ. ಕಾರ್ಯದಿಂದ ಕಾರಣವನ್ನು ತಿಳಿಯುವ ಅನುಮಾನಕ್ಕೆ ಅವನು ಕೊಡುವ ಉದಾಹರಣೆ ಉಕ್ಕಿದ ಹೊಳೆ: ಹೊಳೆ ತುಂಬಿ ರಭಸವಾಗಿ ಹರಿಯುವುದನ್ನು ಕಂಡು ಮೇಲೆ ಮಳೆಯಾಗಿದೆ ಎಂದು ತಿಳಿಯುತ್ತೇವೆ. ನಮ್ಮ ಅಜ್ಜ ಹೇಳಿದ್ದು ಇದನ್ನೇ. ಹುಡುಗನ ಮಾತೂ ನ್ಯಾಯಸೂತ್ರದಲ್ಲಿದೆ! ಎರಡನೇ ಅಧ್ಯಾಯದಲ್ಲಿ ಒಬ್ಬ ಎದುರಾಳಿ ಏಳುತ್ತಾನೆ. ಹೊಳೆಗೆ ಕೆಳಗಡೆ ಯಾರಾದರೂ ಅಡ್ಡಕಟ್ಟೆ ಹಾಕಿದರೂ ನೀರು ಏರುತ್ತದಲ್ಲ? ಇರುವೆಗಳು ಮೊಟ್ಟೆ ಹೊತ್ತು ಸಾಲಾಗಿ ಹೊರಟರೆ ಮಳೆ ಬರುತ್ತದೆ ಎನ್ನುತ್ತೀರಿ. ಯಾರೋ ಗೂಡನ್ನು ಕೆದಕಿದರೂ ಅವು ಹಾಗೇ ಹೊರಡುತ್ತವಲ್ಲ? ನವಿಲಿನ ಕೂಗು ಕೇಳಿ ನವಿಲಿದೆ ಎನ್ನುತ್ತೀರಿ. ಮನುಷ್ಯನೇ ಹಾಗೆ ಕೂಗಿರಬಹುದಲ್ಲ? ಆದ್ದರಿಂದ ಅನುಮಾನವನ್ನು ನಂಬುವಂತಿಲ್ಲ ಎಂದು ಅವನ ಪಟ್ಟು.

ಸೂಳೆಕೆರೆಯಲ್ಲಿ ಈ ಆಕ್ಷೇಪಕ್ಕೆ ಬಲ ಹೆಚ್ಚು. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಕೆರೆ ಇದು. ಸಿದ್ಧ, ಬಸವ ಎಂಬ ಎರಡು ತೂಬುಗಳಿಂದ ನೀರು ಗದ್ದೆ ತೋಟಗಳಿಗೆ ಹೋಗುತ್ತದೆ, ಹಳ್ಳ ಮುಂದೆ ಹರಿಹರದ ಬಳಿ ತುಂಗಭದ್ರೆ ಸೇರುತ್ತದೆ. ಹಳ್ಳದಲ್ಲಿ ಮಳೆಯ ನೀರು ಬಂದರೂ ಕೆರೆ ಏರುತ್ತದೆ, ಭದ್ರಾ ನಾಲೆಯ ನೀರು ಸೇರಿದರೂ ಏರುತ್ತದೆ. ‘ಮಳೆಯಾದರೆ ಕೆರೆ ಏರುತ್ತದೆ, ಕೆರೆ ಏರಿದೆ, ಆದ್ದರಿಂದ ಮಳೆಯಾಗಿದೆ’ ಎಂದರೆ ಮಾತು ಕೂಡಿದಂತೆ ಕೇಳಿಸುತ್ತದೆ, ಆದರೆ ಕೂಡಿಲ್ಲ, ಏಕೆಂದರೆ ಕೆರೆ ಏರಲು ಎರಡು ದಾರಿಗಳಿವೆ. ತಿರುಗಿಸಿ ನೋಡಿ: ‘ಮೇಲೆ ಜೋರು ಮಳೆಯಾದರೆ ಕೆರೆ ಏರಲೇಬೇಕು, ಕೆರೆ ಏರಿಲ್ಲ, ಆದ್ದರಿಂದ ಮೇಲೆ ಜೋರು ಮಳೆಯಾಗಿಲ್ಲ.’ ಇದು ಕೂಡುತ್ತದೆ. ಮೊದಲ ಎರಡು ಮಾತುಗಳನ್ನು ಒಪ್ಪಿದವರು ಈ ತೀರ್ಮಾನದಿಂದ ತಪ್ಪಿಸಿಕೊಳ್ಳಲಾರರು.

‘ಕೂಡುವುದು’ ಎಂದೆ. ತರ್ಕ ಕಲಿಯುವವರು ಎಲ್ಲಕ್ಕಿಂತ ಮೊದಲು ಬೇರ್ಪಡಿಸಬೇಕಾದ ಎರಡು ಪ್ರಶ್ನೆಗಳಿವೆ. ಕೊಟ್ಟ ಆಧಾರ ನಿಜವೇ? ಆ ಆಧಾರದಿಂದ ಈ ತೀರ್ಮಾನ ಹೊರಡುತ್ತದೆಯೇ? ‘ತುಂಗಭದ್ರೆಯ ದಂಡೆಯ ಊರುಗಳೆಲ್ಲ ಬಳ್ಳಾರಿ ಜಿಲ್ಲೆಯವು, ಹೊನ್ನಾಳಿ ತುಂಗಭದ್ರೆಯ ದಂಡೆಯಲ್ಲಿದೆ, ಆದ್ದರಿಂದ ಹೊನ್ನಾಳಿ ಬಳ್ಳಾರಿ ಜಿಲ್ಲೆಯದು.’ ತೀರ್ಮಾನ ಆಧಾರಗಳಿಂದ ನೇರವಾಗಿ ಹೊರಡುತ್ತದೆ, ಆದರೆ ಮೊದಲ ಆಧಾರವೇ ಸುಳ್ಳು. ಈಗ ಇನ್ನೊಂದು. ‘ಚನ್ನಗಿರಿ ದಾವಣಗೆರೆ ಜಿಲ್ಲೆಯಲ್ಲಿದೆ, ಜಗಳೂರೂ ದಾವಣಗೆರೆ ಜಿಲ್ಲೆಯಲ್ಲಿದೆ, ಆದ್ದರಿಂದ ಇವೆರಡೂ ಮೊದಲಿನಿಂದ ಒಂದೇ ಜಿಲ್ಲೆಯವು.’ ಇಲ್ಲಿ ಎರಡು ಆಧಾರಗಳೂ ನಿಜ. ಆದರೆ 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮೊದಲು ಚನ್ನಗಿರಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನಿಜವಾದ ಇಟ್ಟಿಗೆಗಳನ್ನೇ ಜೋಡಿಸಿಯೂ ಗೋಡೆ ಬಿತ್ತು. ದಿನನಿತ್ಯದ ಮಾತಿನಲ್ಲಿ ನಾವು ಮೋಸ ಹೋಗುವುದು ಹೆಚ್ಚಾಗಿ ಈ ಎರಡನೇ ಬಗೆಯಲ್ಲಿ. ‘ನಾನು ಹೇಳಿದ್ದರಲ್ಲಿ ಯಾವುದು ಸುಳ್ಳು ಹೇಳಿ ನೋಡೋಣ’ ಎಂದು ಎದುರಿನವರು ಸವಾಲು ಹಾಕುತ್ತಾರೆ, ನಾವು ಸುಳ್ಳು ಹುಡುಕುತ್ತ ಕೂರುತ್ತೇವೆ. ತಪ್ಪು ಇರುವುದು ಮಾತುಗಳ ನಡುವಿನ ಕೀಲಿನಲ್ಲಿ.

ಆ ಕೀಲಿಗೆ ನೈಯಾಯಿಕರು ಇಟ್ಟ ಹೆಸರು ವ್ಯಾಪ್ತಿ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇದೆ ಎಂಬ ಬಿಡದ ಸಂಬಂಧ ವ್ಯಾಪ್ತಿ. ಆಧಾರ ಇದ್ದೂ ತೀರ್ಮಾನ ಇಲ್ಲದ ಒಂದೇ ಒಂದು ಜಾಗ ಸಿಕ್ಕರೂ ವ್ಯಾಪ್ತಿ ಮುರಿಯಿತು. ಆಗ ಹೇತುವಿಗೆ ವ್ಯಭಿಚಾರ ಬಂತು ಎನ್ನುತ್ತಾರೆ, ಅಂದರೆ ಅದು ಒಬ್ಬರ ಮನೆಯಲ್ಲೇ ನಿಲ್ಲುತ್ತಿಲ್ಲ. ವಾದ ಮಾಡುವವರು ಸಾಮಾನ್ಯವಾಗಿ ವ್ಯಾಪ್ತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದು ಮಾತಿನ ಕೆಳಗೆ ಅಡಗಿರುತ್ತದೆ. ನಾವು ಅದನ್ನು ಎತ್ತಿ ಹೊರಗಿಡಬೇಕು.

ಈ ಕೆರೆಯ ಹೆಸರಿನ ಮೇಲೇ ಅದನ್ನು ಪರೀಕ್ಷಿಸಬಹುದು. ‘ಸೂಳೆಕೆರೆ ಅಂತ ಹೆಸರಿದೆ, ಹಾಗಾದರೆ ಸೂಳೆಯರೇ ಕಟ್ಟಿಸಿರಬೇಕು’ ಎನ್ನುವವರಿದ್ದಾರೆ. ಅಡಗಿದ ಮಾತು ಯಾವುದು? ‘ಕೆರೆಗೆ ಯಾರ ಹೆಸರಿದೆಯೋ ಅವರೇ ಕಟ್ಟಿಸಿರುತ್ತಾರೆ.’ ಹೀಗೆ ಬಿಚ್ಚಿ ಹೇಳಿದ ಕೂಡಲೇ ಅದರ ದೌರ್ಬಲ್ಯ ಕಾಣುತ್ತದೆ. ಜನರ ಬಾಯಲ್ಲಿರುವ ಕಥೆಯೇ ಇದಕ್ಕೆ ಎದುರು ನಿಲ್ಲುತ್ತದೆ: ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುವರಿಯಂತೆ, ಕೆರೆಗೆ ಬೇಕಾದ ನೆಲ ಗಣಿಕೆಯರದಾಗಿತ್ತಂತೆ, ತಮ್ಮ ಹೆಸರಿಡುವುದಾದರೆ ನೆಲ ಬಿಡುತ್ತೇವೆ ಎಂದರಂತೆ. ಶಾಂತಿಸಾಗರ ಎಂಬ ಇನ್ನೊಂದು ಹೆಸರಿನ ಜತೆ ಈ ಶಾಂತವ್ವನನ್ನು ಜೋಡಿಸುತ್ತಾರೆ. ನೋಡಿ, ಕಥೆ ಹೇಳುವಾಗ ನನ್ನ ವಾಕ್ಯಗಳಿಗೆಲ್ಲ ‘ಅಂತೆ’ ತಾನಾಗಿ ಅಂಟಿಕೊಂಡಿತು. ಅದನ್ನು ಕಿತ್ತು ‘ಕಟ್ಟಿಸಿದಳು’ ಎಂದು ಬರೆದಿದ್ದರೆ ಕೇಳಿದ್ದನ್ನು ಕಂಡದ್ದೆಂದು ದಾಟಿಸಿದಂತಾಗುತ್ತಿತ್ತು. ಕಥೆ ಇತಿಹಾಸವಾಗಿರದಿದ್ದರೂ ವ್ಯಾಪ್ತಿಯನ್ನು ಅಲುಗಾಡಿಸಲು ಸಾಕು, ಏಕೆಂದರೆ ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು ಆಗಿರಬಹುದು ಎಂದು ಅದು ತೋರಿಸುತ್ತದೆ. ‘ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ’ ಎಂಬ ಮಾತಿಗೂ ಇದೇ ಎಚ್ಚರ ಬೇಕು. ಶಬ್ದಪ್ರಮಾಣಕ್ಕೆ ಹೇಳಿದವನು ಆಪ್ತನಾಗಿರಬೇಕು, ಅಂದರೆ ತಿಳಿದವನೂ ತಿಳಿದದ್ದನ್ನು ಹಾಗೇ ಹೇಳುವವನೂ ಆಗಿರಬೇಕು. ಯಾರು ಅಳೆದರು, ಯಾವುದರ ಜತೆ ಹೋಲಿಸಿದರು ಎಂದು ಕೇಳುವುದರಿಂದ ಕೆರೆಯ ಘನತೆ ಒಂದು ಗೇಣೂ ಕುಗ್ಗುವುದಿಲ್ಲ.

ಹಾಗಾದರೆ ಎದುರಾಳಿ ಗೆದ್ದನೇ? ವ್ಯಾಪ್ತಿಗಳೆಲ್ಲ ಮುರಿಯುವಂಥವೇ ಆದರೆ ಅನುಮಾನವನ್ನೇ ಬಿಡಬೇಕೇ? ಇಲ್ಲಿ ವಾತ್ಸ್ಯಾಯನ ಕೊಡುವ ಉತ್ತರ ನನಗೆ ತುಂಬ ಪ್ರಿಯವಾದದ್ದು. ತಪ್ಪಿರುವುದು ಅನುಮಾನದಲ್ಲಲ್ಲ, ಅನುಮಾನ ಮಾಡಿದವನ ನೋಟದಲ್ಲಿ ಎನ್ನುತ್ತಾನೆ. ಬರೇ ನೀರು ಏರಿದ್ದನ್ನು ನೋಡಿ ಮಳೆಯೆಂದವನು ಅರೆಬರೆ ನೋಡಿದ್ದಾನೆ. ಹರಿವಿನ ರಭಸ, ತೇಲಿಬರುವ ನೊರೆ, ಹಣ್ಣು, ಎಲೆ, ಕಟ್ಟಿಗೆ ಇವೆಲ್ಲ ಕೂಡಿದ ಪ್ರವಾಹವನ್ನು ಕಂಡವನು ಮಳೆಯನ್ನು ತಿಳಿಯುತ್ತಾನೆ. ಕಟ್ಟೆಯಿಂದ ನಿಂತ ನೀರು ಹಾಗೆ ಇರುವುದಿಲ್ಲ. ಎಂದರೆ ಆಕ್ಷೇಪ ಬಂದಾಗ ಅವನು ದನಿ ಏರಿಸಲಿಲ್ಲ, ಮತ್ತೆ ನೀರಿನ ಬಳಿ ಹೋಗಿ ಇನ್ನಷ್ಟು ನೋಡಿದ. ಆಕ್ಷೇಪ ಹೇತುವನ್ನು ಹರಿತಗೊಳಿಸಿತು.

ಎದುರು ಮಾತನ್ನು ಹೀಗೆ ಬಳಸಿಕೊಳ್ಳುವುದನ್ನೇ ನ್ಯಾಯಸೂತ್ರ ‘ವಾದ’ ಎಂದು ಕರೆದದ್ದು: ನಿಜ ತಿಳಿಯಬೇಕೆಂದು ಇಬ್ಬರು ಕೂಡಿ ನಡೆಸುವ ಮಾತು. ಗೆಲುವಿಗಾಗಿ ಆಡುವುದು ಜಲ್ಪ. ತನ್ನದೇನನ್ನೂ ಮುಂದಿಡದೆ ಎದುರಿನವರದನ್ನು ಕೆಡವುವುದಷ್ಟೇ ವಿತಂಡ. ‘ವಿತಂಡವಾದ’ ಎಂಬುದು ಈಗಲೂ ನಮ್ಮ ಬೈಗುಳ. ಕನ್ನಡ ನೆಲಕ್ಕೆ ಈ ಶಿಸ್ತು ಹೊರಗಿನದಲ್ಲ. ಮನೆಮನೆಯಲ್ಲಿ ಹಾಡುವ ‘ಕೃಷ್ಣಾ ನೀ ಬೇಗನೆ ಬಾರೋ’ ಎಂಬ ದೇವರನಾಮದ ವ್ಯಾಸರಾಯರೇ ‘ತರ್ಕತಾಂಡವ’ ಎಂಬ ಗ್ರಂಥ ಬರೆದು ನೈಯಾಯಿಕರನ್ನು ಅವರದೇ ಅಂಗಳದಲ್ಲಿ ಎದುರಿಸಿದರು. ಕೃಷ್ಣದೇವರಾಯನ ಕಾಲದ, 1539ರಲ್ಲಿ ತೀರಿಕೊಂಡ ಆ ಯತಿಗೆ ಭಕ್ತಿಯೂ ತರ್ಕವೂ ಒಂದೇ ಕೈಯ ಕೆಲಸವಾಗಿದ್ದವು.

ಏರಿಯ ಮೇಲಿದ್ದ ನಮ್ಮ ಅಜ್ಜ ಈ ಪುಸ್ತಕಗಳನ್ನು ಓದಿದವರಂತೆ ಕಾಣಲಿಲ್ಲ. ಹುಡುಗ ನಾಲೆಯ ಮಾತು ತೆಗೆದಾಗ ಅವರು ಸಿಟ್ಟಾಗಲಿಲ್ಲ. ಕೋಲೂರಿಕೊಂಡು ಕೆಳಗಿಳಿದು, ಬಗ್ಗಿ ಬೊಗಸೆಯಲ್ಲಿ ನೀರು ಎತ್ತಿದರು. ನೀರು ಕೆಮ್ಮಣ್ಣಿನ ಬಣ್ಣವಾಗಿತ್ತು. ಬೆರಳ ಸಂದಿಯಿಂದ ಅದನ್ನು ಸೋರಲು ಬಿಟ್ಟು, ಅಂಗೈಯಲ್ಲಿ ಉಳಿದದ್ದನ್ನು ಹುಡುಗನ ಮುಂದೆ ಹಿಡಿದರು: ನುಣ್ಣನೆಯ ಗೋಡು, ಕೊಳೆತ ಎಲೆಯ ಚೂರು, ಜಾಲಿಯ ಒಂದು ಒಣ ಕಡ್ಡಿ.

“ನಾಲೆ ನೀರು ಇಷ್ಟು ಕಸ ತರಲ್ಲಪ್ಪ. ನಮ್ಮೂರ ಹಳ್ಳ ನೋಡಿದೀಯಲ್ಲ, ಹೊಸ ಮಳೆ ಬಿದ್ದ ಮಾರನೇ ದಿನ ಹಿಂಗೇ ಬರುತ್ತೆ. ಇದೂ ಹಂಗೇ ಐತೆ. ಅದಕ್ಕೇ ಅಂದೆ ಮಳೆ ಆಗೈತೆ ಅಂತ.”

ಹೇಳಬೇಕಾದದ್ದು, ಅದರ ಹೇತು, ಕಂಡು ಗೊತ್ತಿರುವ ಉದಾಹರಣೆ, ಅದು ಇಲ್ಲಿಗೂ ಹೊಂದುತ್ತದೆಂಬ ಉಪನಯ, ಕೊನೆಗೆ ನಿಗಮನ: ನ್ಯಾಯದರ್ಶನ ಕೇಳುವ ಐದು ಅವಯವಗಳೂ ಅವರ ಮಾತಿನಲ್ಲಿ ಬಂದುಹೋದವು. ಅರಿಸ್ಟಾಟಲನ ಮೂರು ಹಂತದ ವಾದದಲ್ಲಿ ಉದಾಹರಣೆಗೆ ಹೀಗೆ ಪ್ರತ್ಯೇಕ ಜಾಗವಿಲ್ಲ. ಎದುರಿಗೆ ನಿಂತ ಒಬ್ಬ ಮನುಷ್ಯನಿಗೆ ಒಪ್ಪಿಸಲೆಂದೇ ಹುಟ್ಟಿದ ರೂಪ ನಮ್ಮದು, ಅದಕ್ಕೆ ‘ನೀನೂ ನೋಡಿದೀಯಲ್ಲ’ ಎಂಬ ಮಾತು ಅದರ ನಡುವೆ ಇದೆ.

ಹುಡುಗ ಮೊಬೈಲ್ ತೆಗೆದು ಮೇಲಿನ ಊರಿನ ತನ್ನ ನೆಂಟರಿಗೆ ಫೋನ್ ಹಚ್ಚಿದ. ಎರಡು ಮಾತಾಡಿ ಇಟ್ಟು, ಅಜ್ಜನ ಕಡೆ ತಿರುಗಿದ.

“ರಾತ್ರಿ ಜೋರು ಹೊಡೀತಂತೆ ಅಜ್ಜ. ನೀವು ಹೇಳಿದ್ದೇ ಸರಿ.”

ಅಜ್ಜ ಅಂಗೈಯ ಗೋಡನ್ನು ನೀರಿನಲ್ಲಿ ತೊಳೆದುಕೊಂಡು, ಟವೆಲ್ಲಿಗೆ ಒರೆಸಿಕೊಂಡರು.

“ಮಳೆ ಆತು ಅಂದ ಮಾತ್ರಕ್ಕೆ ನಾಲೆ ನೀರು ಬಂದಿಲ್ಲ ಅಂತ ಆಗಲ್ಲ ಕಣೋ. ಎರಡೂ ಸೇರಿರಬಹುದು. ನಾಲೆ ಕಡೆಯೋರಿಗೂ ಒಂದು ಫೋನ್ ಹಚ್ಚು.”