ಮೊದಲ ಫೋಟೋದಲ್ಲಿರುವ ಮಗು

ಐದು ವರ್ಷಗಳ ಹಿಂದಿನ ಮಾತು. ತಪಸ್ಸು ಕಾಲದ ವಿಶೇಷ ಕಾಣಿಕೆಯನ್ನು ಯಾವುದಾದರೊಂದು ಸೇವಾಕಾರ್ಯಕ್ಕೆ ಮೀಸಲಿಡುವುದು ನಮ್ಮ ಧರ್ಮಕೇಂದ್ರದ ರೂಢಿ. ಆ ವರ್ಷ ಸೀಳುತುಟಿ ಮತ್ತು ಸೀಳು ಅಂಗುಳದ ಮಕ್ಕಳಿಗಾಗಿ ಕೊಡೋಣವೆಂದು ಪಾಲನಾ ಸಮಿತಿಯಲ್ಲಿ ತೀರ್ಮಾನವಾಯಿತು. ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುವ ಆಸ್ಪತ್ರೆಗಳಿವೆ. ಆದರೆ ಅಲ್ಲಿಗೆ ಹೋಗಿಬರುವ ಬಸ್ ಚಾರ್ಜು, ತಪ್ಪಿಹೋಗುವ ಕೂಲಿ, ಮನೆಯಲ್ಲಿ ಬಿಟ್ಟುಬಂದ ಉಳಿದ ಮಕ್ಕಳ ಊಟ, ಇವುಗಳಿಗೆ ಹಣ ಕೊಡುವವರು ಕಡಿಮೆ. ನಮ್ಮ ಕಾಣಿಕೆ ಡಬ್ಬಿ ಅದಕ್ಕಾಗಿ. ಡಬ್ಬಿಯ ಮೇಲೆ ನಾನೇ ಎರಡು ಫೋಟೋ ಅಂಟಿಸಿದೆ. ಎಡಗಡೆ ಐದು ತಿಂಗಳ ಕೂಸು. ಮೇಲ್ದುಟಿ ಮೂಗಿನ ಹೊಳ್ಳೆಯವರೆಗೆ ಸೀಳಿದೆ. ಬಲಗಡೆ ಅದೇ ಮಗು ಆರು ವರ್ಷದ ಹುಡುಗನಾಗಿ, ಶಾಲೆಯ ಸಮವಸ್ತ್ರದಲ್ಲಿ ನಗುತ್ತಿದೆ. ನಮ್ಮ ಧರ್ಮಕೇಂದ್ರದ್ದೇ ಹುಡುಗ. ಅವನ ತಂದೆಯ ಒಪ್ಪಿಗೆ ಕೇಳಿದ್ದೆ. ತಾಯಿಯನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಹುಡುಗನನ್ನು ಕೇಳುವ ಯೋಚನೆಯಂತೂ ಬರಲೇ ಇಲ್ಲ.

ಎರಡನೆಯ ಭಾನುವಾರ ಬಲಿಪೂಜೆ ಮುಗಿದ ಮೇಲೆ ಆ ತಾಯಿ ಚರ್ಚಿನ ಪಕ್ಕದ ಬಾಗಿಲಲ್ಲಿ ಕಾದು ನಿಂತಿದ್ದರು.

"ಸ್ವಾಮಿ, ಆ ಮೊದಲನೇ ಫೋಟೋ ತೆಗೆದುಬಿಡಿ."

"ಯಾಕಮ್ಮಾ? ಈಗ ಹುಡುಗ ಚೆನ್ನಾಗಿದ್ದಾನಲ್ಲ? ಅದನ್ನು ನೋಡಿಯೇ ಜನ ಕೊಡುತ್ತಿದ್ದಾರೆ."

"ಕೊಡಲಿ ಸ್ವಾಮಿ, ಬೇಡ ಅನ್ನಲ್ಲ. ಆದ್ರೆ ಅದನ್ನ ನೋಡಿ ಮುಖ ಕಿವುಚ್ತಾರೆ, ಇದನ್ನ ನೋಡಿ ಆಹಾ ಅಂತಾರೆ. ಒಳಲೆಯಲ್ಲಿ ಹಾಲು ಹಾಕಿ, ರಾತ್ರಿಯೆಲ್ಲಾ ಎದ್ದು ಕೂತು ನಾನು ಮುದ್ದಾಡಿದ್ದು ಆ ಮುಖಾನೇ ಅಲ್ವಾ?"

ಹತ್ತು ವರ್ಷ ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನಿಗೆ ಉತ್ತರ ಸಿಗಲಿಲ್ಲ. ಅಂದು ಮಧ್ಯಾಹ್ನ ಫೋಟೋ ತೆಗೆದೆ. ಆದರೆ ಪ್ರಶ್ನೆ ಹೋಗಲಿಲ್ಲ. ಪ್ರಿಯ ಓದುಗರೇ, ಅದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಒಂದು ಮಗುವಿನ ಮುಖವನ್ನು ಸರಿಪಡಿಸಲು ನಾವು ಹಣ ಕೊಡುವಾಗ ಅದನ್ನು ಯಾರಿಗಾಗಿ ಕೊಡುತ್ತೇವೆ? ಆ ಮಗುವಿಗಾಗಿಯೋ, ಅಥವಾ ಆ ಮುಖವನ್ನು ನೋಡಲಾರದ ನಮ್ಮ ಕಣ್ಣುಗಳಿಗಾಗಿಯೋ?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಶಸ್ತ್ರಚಿಕಿತ್ಸೆ ಅಂದಚೆಂದದ ಶೋಕಿಯಲ್ಲ. ಸುಮಾರು 700 ಶಿಶುಗಳಲ್ಲಿ ಒಂದು ಹೀಗೆ ಹುಟ್ಟುತ್ತದೆ. ಅಂಗುಳ ಸೀಳಿದ್ದರೆ ಕೂಸಿಗೆ ಮೊಲೆ ಚೀಪಲು ಬರುವುದಿಲ್ಲ, ಕುಡಿದ ಹಾಲು ಮೂಗಿನಲ್ಲಿ ಬರುತ್ತದೆ, ತೂಕ ಏರುವುದಿಲ್ಲ. ಕಿವಿಯ ಸೋಂಕು ಮತ್ತೆ ಮತ್ತೆ ಕಾಡಿ, ಶ್ರವಣಶಕ್ತಿ ಕುಗ್ಗಬಹುದು. ಮಾತೆಲ್ಲ ಮೂಗಿನಿಂದ ಹೊರಡುತ್ತದೆ. ಮೂರರಿಂದ ಆರು ತಿಂಗಳೊಳಗೆ ತುಟಿ, ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಅಂಗುಳ ಹೊಲಿಸಿದರೆ ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ. ಅಲ್ಲಿಗೂ ಮುಗಿಯುವುದಿಲ್ಲ. ಮಾತಿನ ತರಬೇತಿಗೆ ವರ್ಷಗಟ್ಟಲೆ ಓಡಾಟ, ಹಲ್ಲಿನ ಚಿಕಿತ್ಸೆ, ಕೆಲವರಿಗೆ ಎಂಟು ಹತ್ತು ವರ್ಷದಲ್ಲಿ ವಸಡಿಗೆ ಮೂಳೆ ಕೂಡಿಸುವ ಇನ್ನೊಂದು ಶಸ್ತ್ರಚಿಕಿತ್ಸೆ. ಡಬ್ಬಿಯ ಮೇಲಿನ ಎರಡು ಫೋಟೋಗಳ ನಡುವೆ ಇದೆಲ್ಲ ಕಾಣಿಸುವುದೇ ಇಲ್ಲ. ಒಂದು ಹೊಲಿಗೆ ಹಾಕಿದರೆ ಕಥೆ ಮುಗಿಯಿತು ಎಂಬಂತೆ ಅವು ತೋರಿಸುತ್ತವೆ.

ತಾಯಿಯ ಪಾಡು ಬೇರೆ. ಗ್ರಹಣದ ದಿನ ಬಸುರಿ ಹೊರಗೆ ಬಂದಳು, ಚಾಕು ಹಿಡಿದು ತರಕಾರಿ ಹೆಚ್ಚಿದಳು, ಅದಕ್ಕೇ ಮಗುವಿನ ತುಟಿ ಸೀಳಿತು ಎಂದು ಅತ್ತೆ ಅಂದರೆ ಊರೆಲ್ಲ ಹೌದೆನ್ನುತ್ತದೆ. ಕ್ರೈಸ್ತ ಮನೆಗಳಲ್ಲಿ ಈ ಮಾತಿಲ್ಲವೆಂದು ಯಾರೂ ಭಾವಿಸಬೇಡಿ. ನಾನು ಕೇಳಿದ್ದು ನಮ್ಮವರ ಬಾಯಲ್ಲೇ. ತುಟಿಯ ಎರಡು ಬದಿ ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೆಯ ವಾರದೊಳಗೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಆಗ ತಿಳಿದಿರುವುದಿಲ್ಲ. ವಂಶವಾಹಿಗಳು, ಕೆಲವು ಔಷಧಿಗಳು, ಧೂಮಪಾನ, ಸಕ್ಕರೆ ಕಾಯಿಲೆ ಹೀಗೆ ಹಲವು ಕಾರಣಗಳು ಸೇರಿಕೊಂಡಿರಬಹುದು. ಸೂರ್ಯಚಂದ್ರರ ಪಾತ್ರವಿಲ್ಲ. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಕೇಳಿದ ಶಿಷ್ಯರಿಗೆ ಪ್ರಭು ಯೇಸು ಎರಡೂ ಅಲ್ಲವೆಂದರು. ಆ ಶುಭಸಂದೇಶವನ್ನು ಪ್ರತಿ ಮೂರು ವರ್ಷಕ್ಕೊಮ್ಮೆ ತಪಸ್ಸು ಕಾಲದಲ್ಲಿ ಓದಿಸಿಕೊಂಡೂ ನಾವು ಗ್ರಹಣವನ್ನು ಬಿಟ್ಟಿಲ್ಲ.

ಹಾಗಾದರೆ ಮುಖವನ್ನು ಸರಿಪಡಿಸಬೇಕೇ ಎಂಬುದರಲ್ಲಿ ಸಂದೇಹವಿಲ್ಲ. 1958ರ ಅಕ್ಟೋಬರ್ 4ರಂದು, ಅಂದರೆ ತಾವು ತೀರಿಕೊಳ್ಳುವ ಐದು ದಿನ ಮೊದಲು, ಜಗದ್ಗುರು ಹನ್ನೆರಡನೆಯ ಪಿಯೂಸರು ಇಟಲಿಯ ಪ್ಲಾಸ್ಟಿಕ್ ಸರ್ಜನ್ನರನ್ನು ಉದ್ದೇಶಿಸಿ ಮಾತನಾಡಿದರು. ದೇಹದ ಸೌಂದರ್ಯವೂ ಒಂದು ಒಳಿತೇ, ಆದರೆ ಅದಕ್ಕಿಂತ ಮೇಲಿನ ಒಳಿತುಗಳಿಗೆ ಅದು ಅಧೀನ ಎಂಬುದು ಅವರ ಮಾತಿನ ಸಾರ. ಮುಖ ಸರಿಯಾಗಲಿ ಎಂದು ಬಯಸುವುದು ಡಂಭವಲ್ಲ ಎಂದಾಯಿತು. ಆದರೆ ನನ್ನ ಪ್ರಶ್ನೆ ಮಗುವಿನ ಬಯಕೆಯ ಬಗ್ಗೆ ಅಲ್ಲ, ಕೊಡುವವರಾದ ನಮ್ಮ ಬಯಕೆಯ ಬಗ್ಗೆ.

'ಸ್ಮೈಲ್ ಪಿಂಕಿ' ಎಂಬ ಸಾಕ್ಷ್ಯಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಉತ್ತರ ಪ್ರದೇಶದ ಮಿರ್ಜಾಪುರ ಕಡೆಯ ಹಳ್ಳಿಯ ಪಿಂಕಿ ಸೋನ್‌ಕರ್ ಎಂಬ ಬಾಲಕಿಗೆ ವಾರಣಾಸಿಯಲ್ಲಿ ಡಾ. ಸುಬೋಧ್ ಕುಮಾರ್ ಸಿಂಗ್ ಅವರು ಸೀಳುತುಟಿಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡಿದ ಕಥೆ ಅದು. 2009ರಲ್ಲಿ ಅದಕ್ಕೆ ಆಸ್ಕರ್ ಪ್ರಶಸ್ತಿ ಬಂತು. ಹಿಂದೆ ನಿಂತಿದ್ದ ಸ್ಮೈಲ್ ಟ್ರೈನ್ ಸಂಸ್ಥೆ 1999ರಲ್ಲಿ ಆರಂಭವಾದದ್ದು. ಹೊರದೇಶದಿಂದ ವೈದ್ಯರನ್ನು ಕರೆತಂದು ನಾಲ್ಕು ದಿನದ ಶಿಬಿರ ನಡೆಸಿ ಹೋಗುವ ಬದಲು, ಆಯಾ ದೇಶದ ವೈದ್ಯರಿಗೇ ತರಬೇತಿ ಮತ್ತು ಹಣ ಕೊಡುವುದು ಅದರ ಕ್ರಮ. ಒಳ್ಳೆಯ ಕ್ರಮ. ಚಿತ್ರ ನೋಡಿ ನನ್ನ ಕಣ್ಣೂ ಒದ್ದೆಯಾಯಿತು. ಆದರೆ ಒಂದು ಸಂಗತಿ ಚುಚ್ಚುತ್ತಲೇ ಇತ್ತು. ತುಟಿಯ ದೆಸೆಯಿಂದ ಪಿಂಕಿ ಶಾಲೆಯಿಂದ ಹೊರಗುಳಿದಿದ್ದಳು. ತುಟಿ ಸರಿಹೋಗಲು ಸರ್ಜನ್ ಬೇಕು, ಸರಿ. ಶಾಲೆಯ ಬೆಂಚಿನಲ್ಲಿ ಸ್ವಲ್ಪ ಸರಿದು ಕೂತು ಜಾಗ ಕೊಡಲು ಯಾವ ಸರ್ಜನ್ ಬೇಕಿತ್ತು? ಮಗುವಿನ ಮುಖದಲ್ಲಿದ್ದದ್ದನ್ನು ವೈದ್ಯರು ಹೊಲಿದರು. ನಮ್ಮಲ್ಲಿದ್ದದ್ದು ಹಾಗೇ ಉಳಿಯಿತು. ಮುಂದಿನ ಅಂಥ ಮಗು ಬಂದಾಗ ಮತ್ತೆ ಬೆಂಚಿನಲ್ಲಿ ಜಾಗವಿರುವುದಿಲ್ಲ.

ಆದರೂ ಚಿತ್ರಗಳನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಟಿಪ್ಪು ಸುಲ್ತಾನರ ಜೊತೆಗಿನ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಸೆರೆಸಿಕ್ಕಿ ಮೂಗು ಕೊಯ್ಯಿಸಿಕೊಂಡಿದ್ದ. ಪುಣೆಯಲ್ಲಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗು ಕೂರಿಸಿದ. ಕಾವಸ್‌ಜಿಯ ಚಿತ್ರದೊಡನೆ ಆ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಅಚ್ಚಾಯಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮದಲ್ಲಿ ಮೂಗು ಕಟ್ಟಿದ. ವಿದ್ಯೆ ಯುರೋಪಿನಲ್ಲಿ ಹರಡಿತು. ಒಂದು ಮುಖದ ಚಿತ್ರ ಸಾವಿರಾರು ಮುಖಗಳಿಗೆ ಉಪಕಾರ ಮಾಡಿತು. ಅವನಾದರೋ ಬೆಳೆದ ಗಂಡಸು. ಐದು ತಿಂಗಳ ಕೂಸು ಯಾರ ಮುಂದೆ ಬೇಡವೆನ್ನಬೇಕು?

ಚಿತ್ರಕ್ಕೆ ಇನ್ನೊಂದು ದೋಷವಿದೆ: ಅದು ನಮ್ಮ ಕರುಣೆಯನ್ನು ತಡವಾಗಿ ಎಬ್ಬಿಸುತ್ತದೆ. ನೋಮಾ ಎಂಬ ರೋಗವಿದೆ. ಹೆಚ್ಚಾಗಿ ಆಫ್ರಿಕಾದ ಕಡುಬಡವರ, ಅರೆಹೊಟ್ಟೆಯ ಪುಟ್ಟ ಮಕ್ಕಳಿಗೆ, ಎಷ್ಟೋ ವೇಳೆ ದಡಾರ ಬಂದು ಸೊರಗಿದ ಮೇಲೆ, ವಸಡಿನ ಹುಣ್ಣಾಗಿ ಆರಂಭವಾಗುತ್ತದೆ. ಕೆಲವೇ ದಿನಗಳಲ್ಲಿ ಕೆನ್ನೆ, ತುಟಿ, ದವಡೆಯನ್ನು ತಿಂದುಹಾಕುತ್ತದೆ. ಚಿಕಿತ್ಸೆ ಸಿಗದಿದ್ದರೆ ನೂರಕ್ಕೆ ತೊಂಬತ್ತರಷ್ಟು ಮಕ್ಕಳು ಸಾಯಬಹುದು. ಬದುಕಿದವರ ಮುಖ ಕಟ್ಟಲು ನೈಜೀರಿಯಾದ ಸೊಕೊಟೊ ನಗರದಲ್ಲಿ ಮೀಸಲಾದ ಆಸ್ಪತ್ರೆಯೇ ಇದೆ. ಅಲ್ಲಿ ಚಿಕಿತ್ಸೆ ಉಚಿತ. ಒಂದೊಂದು ಮುಖಕ್ಕೂ ಹಲವು ಶಸ್ತ್ರಚಿಕಿತ್ಸೆಗಳು ಬೇಕಾಗಬಹುದು. ಆದರೆ ವಸಡು ಕೆಂಪಾದ ಹಂತದಲ್ಲೇ ಆ್ಯಂಟಿಬಯಾಟಿಕ್, ಬಾಯಿ ತೊಳೆಯುವ ಔಷಧಿ ಮತ್ತು ಹೊಟ್ಟೆಗೆ ಒಳ್ಳೆಯ ಊಟ ಸಿಕ್ಕರೆ ರೋಗ ಅಲ್ಲಿಗೇ ನಿಲ್ಲುತ್ತದೆ. ಹಿಂದೆ ಯುರೋಪಿನಲ್ಲೂ ಇದ್ದ ಈ ರೋಗ ಅಲ್ಲಿನ ಜನರಿಗೆ ಹೊಟ್ಟೆತುಂಬ ಸಿಗತೊಡಗಿದ ಮೇಲೆ ಮರೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2023ರ ಡಿಸೆಂಬರಿನಲ್ಲಿ. ಕೆನ್ನೆ ಹೋದ ಮಗುವಿನ ಫೋಟೋ ನೋಡಿ ನಾವು ಕೊಡುತ್ತೇವೆ. ವಸಡು ಕೆಂಪಾದ ಮಗುವಿನ ಫೋಟೋ ಯಾರೂ ಡಬ್ಬಿಗೆ ಅಂಟಿಸುವುದಿಲ್ಲ.

ಗುರುಮಠದಲ್ಲಿ ಸಂತ ತೋಮಾಸ್ ಅಕ್ವಿನಾಸರನ್ನು ಓದುವಾಗ ಸೌಂದರ್ಯದ ಮೂರು ಲಕ್ಷಣಗಳನ್ನು ಬಾಯಿಪಾಠ ಮಾಡಿದ್ದೆ: ಪೂರ್ಣತೆ, ಹೊಂದಾಣಿಕೆ, ಕಾಂತಿ. ಊನವಾದದ್ದು ಆ ಊನದಿಂದಲೇ ಕುರೂಪ ಎಂದೂ ಅವರು ಅಲ್ಲಿ ಹೇಳುತ್ತಾರೆ. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಪಡೆದೆ. ಆದರೆ ಅವರು ಅದನ್ನು ಬರೆದದ್ದು ದೇವಪುತ್ರರ ಕುರಿತು ಮಾತನಾಡುವಾಗ ಎಂಬುದನ್ನು ಗಮನಿಸಿರಲಿಲ್ಲ. ಜನ ಮುಖ ತಿರುಗಿಸಿಕೊಳ್ಳುವಷ್ಟು ರೂಪಗೆಟ್ಟ ಸೇವಕನೊಬ್ಬನ ಬಗ್ಗೆ ಪ್ರವಾದಿ ಯೆಶಾಯ ಬರೆದದ್ದನ್ನು ಧರ್ಮಸಭೆ ಶುಭ ಶುಕ್ರವಾರ ಓದುವುದು ಅದೇ ದೇವಪುತ್ರರ ಬಗ್ಗೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ಆ ತಾಯಿ ಬಾಗಿಲಲ್ಲಿ ಬಂದು ನಿಲ್ಲಬೇಕಾಯಿತು.

ಇನ್ನೊಂದು ಕಡೆಯೂ ಶುಭಸಂದೇಶ ನನ್ನನ್ನು ಹಿಡಿದು ನಿಲ್ಲಿಸಿತು. ಸಂತ ಮಾರ್ಕರ ಏಳನೆಯ ಅಧ್ಯಾಯದಲ್ಲಿ ಕಿವುಡನೂ ತೊದಲನೂ ಆದ ಒಬ್ಬನನ್ನು ಜನ ಯೇಸುವಿನ ಬಳಿ ಕರೆತರುತ್ತಾರೆ. ಯೇಸು ಮೊದಲು ಅವನನ್ನು ಜನಜಂಗುಳಿಯಿಂದ ಪಕ್ಕಕ್ಕೆ ಕರೆದೊಯ್ಯುತ್ತಾರೆ. ಗುಣವಾದ ಮೇಲೆ ಯಾರಿಗೂ ಹೇಳಬೇಡಿ ಎನ್ನುತ್ತಾರೆ. ಇದಕ್ಕೆ ಬೈಬಲ್ ಪಂಡಿತರು ಬೇರೆ ಕಾರಣಗಳನ್ನು ಕೊಡುತ್ತಾರೆ, ಬಲ್ಲೆ. ನನಗೆ ಮಾತ್ರ ಈಗ ಅಲ್ಲಿ ಕಾಣುವುದು ಆ ಮನುಷ್ಯನ ಮಾನದ ಬಗೆಗಿನ ಕಾಳಜಿ. ಜನರೋ, ಬೇಡವೆಂದಷ್ಟೂ ಸಾರಿದರಂತೆ. ನಾನು ಆ ಜನರ ಪೈಕಿ.

ಮರುವರ್ಷ ಡಬ್ಬಿಯ ಮೇಲೆ ಫೋಟೋ ಇರಲಿಲ್ಲ, ನಾಲ್ಕು ಸಾಲು ಬರೆದ ಕಾಗದವಿತ್ತು. ಕಾಣಿಕೆ ಹಿಂದಿನ ವರ್ಷದ ಅರ್ಧಕ್ಕೆ ಇಳಿಯಿತು. ಪಾಲನಾ ಸಮಿತಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ, ನೇರ ಮಾತಿನವರು. "ಫಾದರ್, ಒಬ್ಬ ತಾಯಿಯ ಮನಸ್ಸು ನೋಯಬಾರದೆಂದು ಎಷ್ಟು ಮಕ್ಕಳ ಬಸ್ ಚಾರ್ಜು ಕಳೆದಿರಿ, ಲೆಕ್ಕ ಹಾಕಿದ್ದೀರಾ?" ಎಂದರು. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದೆಂಬ ಕಾಂಟ್‌ನ ಮಾತನ್ನು ಅವರಿಗೆ ಹೇಳಲು ಹೊರಟೆ. ಅರ್ಧಕ್ಕೇ ನಿಲ್ಲಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಮಗುವನ್ನೆತ್ತಿಕೊಂಡು ನಿಂತ ಹೆಂಗಸಿಗೆ ಕಾಂಟ್ ಟಿಕೆಟ್ ಕೊಡಿಸುವುದಿಲ್ಲ. ಮೇಷ್ಟ್ರ ಲೆಕ್ಕ ತಪ್ಪಲ್ಲ. ನನ್ನ ತೀರ್ಮಾನವೂ ತಪ್ಪಲ್ಲವೆಂದು ನಂಬಿದ್ದೇನೆ, ಆದರೆ ಅದರ ಬೆಲೆ ತೆತ್ತವನು ನಾನಲ್ಲ. ಕೊನೆಗೆ ನಾವಿಬ್ಬರೂ ಕೂಡಿ ಮನೆಮನೆಗೆ ಹೋದೆವು. ಸಂಜೆ ಹೊತ್ತು, ಹತ್ತು ದಿನ. ಅರ್ಧ ಇದ್ದದ್ದು ಮುಕ್ಕಾಲಾಯಿತು. ಪೂರ್ತಿಯಾಗಲಿಲ್ಲ.

ಆ ಓಡಾಟದಲ್ಲಿ ಹುಡುಗನ ಮನೆಗೂ ಹೋಗಿದ್ದೆವು. ನಾನು ಡಬ್ಬಿಯಿಂದ ಕಿತ್ತು ಕೊಟ್ಟಿದ್ದ ಮೊದಲನೆಯ ಫೋಟೋ ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ ಇತ್ತು. ಕಟ್ಟು ಹಾಕಿಸಿದ್ದರು. ಒಂದು ಮೂಲೆಯಲ್ಲಿ ನನ್ನ ಗೋಂದಿನ ಕಲೆ ಹಾಗೇ ಇತ್ತು.

ಹುಡುಗನಿಗೆ ಈಗ ಹನ್ನೊಂದು. ತುಟಿಯ ಮೇಲೆ ತೆಳ್ಳನೆಯ ಗೆರೆ, 'ಸ' ಮತ್ತು 'ಶ' ಇನ್ನೂ ಮೂಗಿನಲ್ಲೇ. ಹೋದ ತಿಂಗಳು ಬಂದು, ಭಾನುವಾರದ ಮೊದಲನೆಯ ವಾಚನ ನಾನು ಓದಲೇ ಸ್ವಾಮಿ ಎಂದ. ಜನರಿಗೆ ಅರ್ಥವಾಗದು, ಮಗುವಿಗೂ ಅವಮಾನ ಎಂದು ಸಮಿತಿಯಲ್ಲಿ ಇಬ್ಬರು ಹೇಳಿದರು. ಈ ಸಲ ನಾನು ಹುಡುಗನನ್ನೇ ಕೇಳಿದೆ. "ಮನೇಲಿ ಅಭ್ಯಾಸ ಮಾಡಿದ್ದೀನಿ" ಎಂದ. ಓದಿದ. ಎರಡು ಕಡೆ ತಡೆದು ನಿಂತು ಮತ್ತೆ ಮುಂದುವರಿಸಿದ. ಮುಂದಿನ ಸಾಲಿನಲ್ಲಿದ್ದ ಕೆಲವರು ತಲೆ ತಗ್ಗಿಸಿ ಕೈಯಲ್ಲಿದ್ದ ಪುಸ್ತಕ ನೋಡುತ್ತಿದ್ದರು, ಕೆಲವರು ಅವನನ್ನೇ ನೋಡುತ್ತಿದ್ದರು. ಮೇಷ್ಟ್ರು ಕಿವಿಗೆ ಕೈ ಆನಿಸಿ ಕೇಳುತ್ತಿದ್ದರು. ಮುಂದಿನ ತಿಂಗಳ ವಾಚಕರ ಪಟ್ಟಿಯಲ್ಲಿ ಅವನಿಗೆ ಎರಡನೆಯ ಭಾನುವಾರ ಹಾಕಿದ್ದೇನೆ.