ಹಬ್ಬಕ್ಕೆ ಹಿಂದಿನ ದಿನವೇ ಬನ್ನಿ

ಉತ್ತರ ಕನ್ನಡದ ಮತ್ತಿಘಟ್ಟದ ಕಡೆ ಮೊದಲ ಸಲ ಹೋದವರು ‘ಊರೆಲ್ಲಿ?’ ಎಂದು ಕೇಳಿದರೆ ಅಚ್ಚರಿಯಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಹಳ್ಳಿಗಳಲ್ಲಿ ಸಾಲುಮನೆಯ ಬೀದಿಗಳು ಕಡಿಮೆ. ಕಣಿವೆಯಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ, ಮನೆಮನೆಗಳ ನಡುವೆ ಗುಡ್ಡ, ಹಳ್ಳ. ಚದುರಿ ಕುಳಿತ ಇಂಥ ಊರು ಒಟ್ಟಾಗಿ ಕಣ್ಣಿಗೆ ಬೀಳುವುದು ದೊಡ್ಡಹಬ್ಬದಲ್ಲಿ, ಅಂದರೆ ದೀಪಾವಳಿಯಲ್ಲಿ.

ಇಲ್ಲಿನ ದೀಪಾವಳಿ ಕೊಟ್ಟಿಗೆಯ ಹಬ್ಬ. ಚತುರ್ದಶಿಯ ಎಣ್ಣೆಸ್ನಾನ ಮುಗಿದು ಬಲೀಂದ್ರ ಮನೆಯೊಳಗೆ ಕೂರುತ್ತಾನೆ. ಪಾಡ್ಯದಂದು ದನಗಳ ಮೈ ತೊಳೆದು, ಕೆಮ್ಮಣ್ಣು, ಶೇಡಿಯ ಗುರುತು ಹಾಕಿ, ಕೊರಳಿಗೆ ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಸರ ಕಟ್ಟುತ್ತಾರೆ. ಗೋಗ್ರಾಸ ಕೊಟ್ಟು ಬಿಟ್ಟರೆ, ಸರ ಹರಿಯಲು ಹುಡುಗರು ಹಿಂದೆಯೇ ಓಡುತ್ತಾರೆ. ಕಾಡಂಚಿನ ಹುಲಿದೇವರ ಕಲ್ಲಿಗೂ ಒಂದು ಕಾಯಿ ಒಡೆಯುವುದುಂಟು. ದನ ಮೇಯುವುದು ಕಾಡಿನಲ್ಲಿ ತಾನೆ, ಹುಲಿಯ ಹತ್ತಿರವೂ ಒಂದು ಮಾತು ಆಡಿಟ್ಟಿರಬೇಕು! ಆ ಕಲ್ಲು ಒಬ್ಬರ ಮನೆಯ ದೇವರಲ್ಲವಾದ್ದರಿಂದ ಎಲ್ಲ ಮನೆಯವರೂ ಅಲ್ಲಿ ಸೇರಬೇಕು. ಸಿದ್ದಾಪುರ ಸೀಮೆಯಲ್ಲಿ ರಾತ್ರಿ ಬಿಂಗಿ ಎಂಬ ಹಬ್ಬದ ಪದ ಹಾಡುವವರು ದೀಪ ಹಿಡಿದು ಮನೆಯಿಂದ ಮನೆಗೆ ನಡೆಯುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆದು ಕಳಿಸುತ್ತಾರೆ.

ಹೀಗೆ ಸೇರುವ ಅಭ್ಯಾಸವನ್ನು ಊರಿಗೆ ಕಲಿಸಿದ್ದು ವರ್ಷವಿಡೀ ನಡೆಯುವ ದುಡಿಮೆ. ಮಳೆಗಾಲದ ಹಳ್ಳಕ್ಕೆ ಸಂಕ ಹಾಕಲು ಒಬ್ಬನಿಂದಾಗದು. ಇಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟದ, ಅಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ ಸವಲತ್ತಿದೆ. ಅಲ್ಲಿಂದ ಸೊಪ್ಪು ಹೊರಲು, ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ನೆರೆಮನೆಯ ಕೈ ಬೇಕು. ಇವತ್ತು ನಮ್ಮಲ್ಲಿ ದುಡಿದವನ ಮನೆಗೆ ನಾಳೆ ನಾವು. ಆ ಋಣ ಇದ್ದುದರಿಂದಲೇ ಹಬ್ಬದ ದಿನ ಯಾರನ್ನೂ ವಿಶೇಷವಾಗಿ ಕರೆಯಬೇಕಾಗಿರಲಿಲ್ಲ.

ಈಗ ಎಷ್ಟೋ ಕೊಟ್ಟಿಗೆ ಬರಿದಾಗಿವೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಪಾಡ್ಯದ ಬೆಳಗ್ಗೆ ಬಂದಿಳಿದು, ದನದ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ರಾತ್ರಿ ಬಸ್ಸಿಗೆ ಹೊರಡುವವರಿದ್ದಾರೆ. ಬಂದರಲ್ಲ ಎಂಬ ಸಂತೋಷ ಹಿರಿಯರಿಗೆ ಇದ್ದೇ ಇರುತ್ತದೆ. ಆದರೆ ಹೀಗೆ ಬಂದು ಹೋಗುವವರು ನೋಡುವುದು ಹಬ್ಬದ ಕೊನೆಯ ಭಾಗವನ್ನು ಮಾತ್ರ. ಪಚ್ಚೆತೆನೆ ಕೊಯ್ದು ತರುವುದು, ಜಗಲಿಯಲ್ಲಿ ಕುಳಿತು ಅಡಿಕೆ ಸರ ಕಟ್ಟುವುದು, ಸರ ಸಾಲದೆ ಪಕ್ಕದ ಮನೆಗೆ ಕೇಳಲು ಓಡುವುದು ಎಲ್ಲ ಹಿಂದಿನ ದಿನವೇ ಮುಗಿದಿರುತ್ತದೆ. ನೆರೆಹೊರೆ ಬೆಸೆಯುವುದೇ ಆ ಕೆಲಸಗಳಲ್ಲಿ. ರಜೆ ಒಂದೇ ದಿನ ಹೆಚ್ಚು ಸಿಕ್ಕರೂ ಅದನ್ನು ಹಬ್ಬದ ಮರುದಿನಕ್ಕೆ ಇಟ್ಟುಕೊಳ್ಳಬೇಡಿ. ಹಿಂದಿನ ದಿನವೇ ಬನ್ನಿ, ಮನೆಯಲ್ಲಿ ಕೆಲಸ ಕೇಳಿ.